ಮೂರೆಳೆಯ ನಡುತಂತಿ

ಹರಿಶ್ಚಂದ್ರರಾಯರ ಮನೆಯ ಹಜಾರದಲ್ಲಿ ಒಂದು ಪಂಖ ಕಿರುಗುಟ್ಟುತ್ತಿತ್ತು. ವೈರ್‌ಮನ್ ನಾಗು ಸಂಜೆ ಏಳಕ್ಕೆ ಹೋಗಿ ಅದಕ್ಕೆ ಎಣ್ಣೆ ಹಾಕಿದ. ಏಣಿಯಿಂದ ಇಳಿಯುವಾಗ ಆಧಾರಕ್ಕೆಂದು ಮುಚ್ಚಿಗೆಯ ಅಂಚಿನ ಸಾಗವಾನಿ ಪಟ್ಟಿಯ ಮೇಲೆ ಕೈಯಿಟ್ಟ. ಪಟ್ಟಿ ಬಿಸಿಯಾಗಿತ್ತು.

ಅಲ್ಲಿ ಪಕ್ಕಪಕ್ಕದಲ್ಲಿ ಮೂರು ಪಟ್ಟಿಗಳಿದ್ದವು. ಒಂದೊಂದರ ಒಳಗೆ ಒಂದೊಂದು ತಂತಿ. ರಸ್ತೆಯ ಕಂಬದಿಂದ ಬಂದು, ಹಜಾರವನ್ನು ಉದ್ದಕ್ಕೂ ದಾಟಿ, ನಡುಬಾಗಿಲ ಪಕ್ಕದಲ್ಲಿ ಕೆಳಗಿಳಿದು ದೊಡ್ಡ ಬೋರ್ಡಿಗೆ ಸೇರುತ್ತಿದ್ದವು. ನಾಗು ಮೂರನ್ನೂ ಮುಟ್ಟಿ ನೋಡಿದ. ಎಡದ್ದು ಸ್ವಲ್ಪ ಬೆಚ್ಚಗಿತ್ತು. ಬಲದ್ದು ತಣ್ಣಗಿತ್ತು. ನಡುವಿನದರ ಮೇಲೆ ಹತ್ತು ಎಣಿಸುವವರೆಗೆ ಕೈಯಿಡಲಾಗಲಿಲ್ಲ.

ಆ ನಡುತಂತಿಯನ್ನು ಆರಿಸಿದವನು ಅವನೇ.

ಕಾರವಾರದ ಕೆಲವು ಬೀದಿಗಳಲ್ಲಿ ಆಗಷ್ಟೇ ವಿದ್ಯುತ್ತಿನ ಕಂಬಗಳು ಎದ್ದಿದ್ದವು. ದೊಡ್ಡ ಮನೆಗಳಿಗೆ ಕಂಪನಿ ಮೂರು ತಂತಿ ಕೊಡುತ್ತಿತ್ತು. ಎರಡು ಹೊರತಂತಿ, ನಡುವೆ ಒಂದು ನ್ಯೂಟ್ರಲ್. ಮನೆಯ ಅರ್ಧ ದೀಪಗಳನ್ನು ಒಂದು ಹೊರತಂತಿಗೂ ನಡುತಂತಿಗೂ ಮಧ್ಯೆ ಹಾಕಬೇಕು, ಇನ್ನರ್ಧವನ್ನು ಮತ್ತೊಂದು ಹೊರತಂತಿಗೂ ನಡುತಂತಿಗೂ ಮಧ್ಯೆ. ಎರಡು ಬದಿಯೂ ಸಮನಾಗಿ ಉರಿದರೆ ಒಂದು ಬದಿಯಿಂದ ಬಂದದ್ದು ಇನ್ನೊಂದು ಬದಿಗೆ ಹೋಗುತ್ತದೆ, ನಡುತಂತಿ ಸುಮ್ಮನೆ ಮಲಗಿರುತ್ತದೆ. ಹೆಚ್ಚುಕಡಿಮೆಯಾದರೆ ಆ ವ್ಯತ್ಯಾಸವನ್ನಷ್ಟೇ ಹೊರುತ್ತದೆ. ಆದ್ದರಿಂದ ಅದು ಅರ್ಧ ದಪ್ಪವಿದ್ದರೆ ಸಾಕು ಎಂದು ಎಲ್ಲರೂ ಹೇಳುತ್ತಿದ್ದರು. ನಾಗು ಹೊರಗಿನ ಎರಡಕ್ಕೆ ಏಳೆಳೆಯ ತಂತಿ ಹಾಕಿದ್ದ. ನಡುವಿನದಕ್ಕೆ ಮೂರೆಳೆಯದು.

ಲೆಕ್ಕ ತಪ್ಪಿರಲಿಲ್ಲ. ಮುಂಭಾಗದ ಕಚೇರಿ, ಹಜಾರ, ಜಗಲಿ ಸೇರಿ ಹದಿನಾಲ್ಕು ಆಂಪಿಯರ್. ಒಳಮನೆಗೆ ಹನ್ನೊಂದು. ವ್ಯತ್ಯಾಸ ಮೂರು. ಮೂರೆಳೆಯ ತಂತಿ ಹತ್ತನ್ನು ಹೊರುತ್ತದೆ.

ತಪ್ಪಿದ್ದು ಬೇರೆ ಕಡೆ. ನಾಗು ಹಿಲ್ಲೂರಿನ ಹಾಲಕ್ಕಿ ಒಕ್ಕಲಿಗ. ರಾಯರ ಮನೆಯಲ್ಲಿ ಅವನಿಗೆ ನಡುಬಾಗಿಲವರೆಗೆ ಮಾತ್ರ ಪ್ರವೇಶ. ಅಡಿಗೆಮನೆ, ದೇವರಕೋಣೆ, ಊಟದ ಪಡಸಾಲೆ, ಒಳಕೋಣೆಗಳ ಕೆಲಸವನ್ನು ಕಂತ್ರಾಟುದಾರ ಮಧುಕರ ಶೇಟರ ಸೋದರಳಿಯ ಮಂಗೇಶ ಮಾಡಿದ. ಇಬ್ಬರ ಕೆಲಸ ಬೆರೆಯಬಾರದು, ಮುಂದೆ ರಿಪೇರಿಗೆ ಬಂದರೂ ನಾಗು ಒಳಗಿನ ತಂತಿ ಮುಟ್ಟುವಂತಾಗಬಾರದು ಎಂದು ಮುಂಭಾಗವನ್ನೆಲ್ಲ ಒಂದು ಬದಿಗೆ, ಒಳಮನೆಯನ್ನೆಲ್ಲ ಇನ್ನೊಂದು ಬದಿಗೆ ಹಾಕಿದರು. ಮಡಿಯ ಗೆರೆಯೇ ತಂತಿಯ ಗೆರೆಯೂ ಆಯಿತು. ಆಗ ಅದು ಎಲ್ಲರಿಗೂ ಸುಲಭವಾಗಿ ಕಂಡಿತು, ನಾಗುವಿಗೂ ಕೂಡ. ಒಳಗೆ ಎಷ್ಟು ದೀಪ ಎಂದು ಮಂಗೇಶನನ್ನು ಕೇಳಿದ್ದ. ಮೂವತ್ತೆರಡು ಎಂದಿದ್ದ ಮಂಗೇಶ. ಅವುಗಳಲ್ಲಿ ಎಷ್ಟು ಉರಿಯುತ್ತವೆ ಎಂದು ಕೇಳಿರಲಿಲ್ಲ.

ಏಣಿಯ ಕೆಳಗೆ ನಿಂತು ನಾಗು ನಡುಬಾಗಿಲ ಕಡೆ ನೋಡಿದ. ಆಚೆ ಕತ್ತಲೆ. ದೂರದಲ್ಲಿ ಎಲ್ಲೋ ಒಂದು ಎಣ್ಣೆದೀಪ.

"ಬಾಯೋರೆ," ಎಂದು ಕೂಗಿದ. "ಒಳಗಿನ ದೀಪ ಹೋಗಿದ್ಯಾ?"

ರಾಯರ ಸೊಸೆ ವೈಜಯಂತಿ ಬಾಗಿಲ ಬದಿಗೆ ಬಂದಳು. ಇಪ್ಪತ್ತೆರಡು ವಯಸ್ಸಿರಬಹುದು. ಗಂಡ ಮುಂಬಯಿಯಲ್ಲಿ ವಕೀಲಿ ಓದುತ್ತಿದ್ದ.

"ಹೋಗ್ಲಿಲ್ಲ. ಹಚ್ಚೂದಿಲ್ಲ. ಆತ್ಯಾ ಬೇಡ ಹೇಳಿದ್ದಾರೆ." ರಾಯರ ಮುದಿ ಸೋದರತ್ತೆಯನ್ನು ಮನೆಯವರೆಲ್ಲ ಆತ್ಯಾ ಎನ್ನುತ್ತಿದ್ದರು.

"ಒಂದೂ ಹಚ್ಚೂದಿಲ್ವಾ?"

"ನನ್ನ ಕೋಣೇದು ಒಂದು. ಅದೂ ಬಾಗಿಲು ಹಾಕ್ಕೊಂಡು." ಅವಳು ದನಿ ತಗ್ಗಿಸಿ ನಕ್ಕಳು. "ಆ ತಂತಿಯ ರಬ್ಬರಿನಲ್ಲಿ ಚರ್ಮ ಸೇರಿಸ್ತಾರಂತೆ. ದೇವರ ನೈವೇದ್ಯ ಆ ಬೆಳಕಲ್ಲಿ ಮಾಡೂದು ಹೇಗೆ ಹೇಳ್ತಾರೆ."

ಎರಡು ತಿಂಗಳಿಂದ ಹೀಗೆಯೇ ನಡೆದಿತ್ತು. ಪ್ರತಿ ಸಂಜೆ ಮುಂಭಾಗದ ಹದಿನಾಲ್ಕು ಆಂಪಿಯರೂ ಮೂರೆಳೆಯ ತಂತಿಯಲ್ಲಿ ವಾಪಸು ಹೋಗುತ್ತಿತ್ತು. ನಡುತಂತಿಗೆ ಫ್ಯೂಸ್ ಇಡಬಾರದೆಂದು ನಿಯಮ. ಹಾಗಾಗಿ ಅದು ಕಾದರೆ ತಡೆಯುವುದು ಯಾವುದೂ ಇರಲಿಲ್ಲ. ಒಂದು ದಿನ ರಬ್ಬರು ಕರಗಿ ಒಣ ಸಾಗವಾನಿಗೆ ಕಿಡಿ ತಗಲುತ್ತದೆ. ಇಲ್ಲವೇ ತಂತಿ ಕಡಿಯುತ್ತದೆ, ಒಳಗೆ ಉರಿಯುತ್ತಿರುವ ಆ ಒಂದೇ ದೀಪಕ್ಕೆ ಇಮ್ಮಡಿ ಒತ್ತಡ ಬಂದು ಅದು ವೈಜಯಂತಿಯ ತಲೆಯ ಮೇಲೆ ಸಿಡಿಯುತ್ತದೆ.

ನಾಗು ಏಣಿ ಮಡಚಿ ಹೊರಟ.

ಮಧುಕರ ಶೇಟರದು ಅಕ್ಕಸಾಲಿಗರ ಮನೆತನ. ಮೊದಲು ಬಂಗಾರದ ತಂತಿ ಎಳೆಯುತ್ತಿದ್ದರು, ಈಗ ತಾಮ್ರದ್ದು ಎಂದು ಅವರೇ ತಮಾಷೆ ಮಾಡುತ್ತಿದ್ದರು. ಅವರಿಗೆ ವೈರ್‌ಮನ್ ಪರವಾನಗಿ ಇರಲಿಲ್ಲ. ಮುಂಬಯಿಯಲ್ಲಿ ಮೂರು ವರ್ಷ ದುಡಿದು ಪರೀಕ್ಷೆ ಪಾಸು ಮಾಡಿ ಪರವಾನಗಿ ತಂದಿದ್ದವನು ನಾಗು. ಪ್ರತಿ ಮನೆಯ ತಪಾಸಣಾ ಫಾರ್ಮಿಗೆ ಅವನದೇ ಸಹಿ. ಹಿಲ್ಲೂರಿನ ಹಾಲಕ್ಕಿ ಕೇರಿಯಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕುವವನು ಅವನೊಬ್ಬನೇ.

ಶೇಟರು ಎಲ್ಲವನ್ನೂ ಕೇಳಿದರು. ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ನ್ಯೂಟ್ರಲ್ ಅರ್ಧ ಸಾಕು ಹೇಳಿ ಪುಸ್ತಕದಲ್ಲೇ ಅದೆ. ನೀನೇ ಓದಿ ಹೇಳಿದ್ದಲ್ವೋ?"

"ಎರಡು ಬದಿಯೂ ಸಮ ಇದ್ರೆ ಹೇಳಿ ಅದೆ, ಶೇಟ್ರೆ. ಇಲ್ಲಿ ಸಮ ಇಲ್ಲ."

"ಸಮ ಮಾಡೂದು ಅವರ ಕೆಲಸ. ದೀಪ ಕೊಟ್ಟಿದ್ದೇವೆ. ಹಚ್ಚೂದು ಬಿಡೂದು ಅವರಿಗೆ ಸೇರಿದ್ದು."

"ಬೆಂಕಿ ಬಿದ್ರೆ?"

"ಬಿತ್ತಾ?"

"ಬೀಳ್ಲಿಲ್ಲ."

"ಮತ್ತೆ?" ಶೇಟರು ಎಲೆ ಬಾಯಿಗಿಟ್ಟರು. "ಇಪ್ಪತ್ತು ದಿನಕ್ಕೆ ರಾಯರ ಮಗಳ ನಿಶ್ಚಯ. ಹಜಾರಕ್ಕೆ ಹೊಸ ಬಣ್ಣ ಬಳ್ದಿದ್ದಾರೆ. ಈಗ ಹೋಗಿ ಪಟ್ಟಿ ಬಿಚ್ತೇನೆ ಅಂದ್ರೆ ರಾಯರು ನನ್ನ ಚರ್ಮ ಬಿಚ್ತಾರೆ. ಬಾಯಿ ಮುಚ್ಕೊಂಡಿರು ಮಾರಾಯಾ."

ಮುಂಭಾಗದ ಅರ್ಧ ದೀಪಗಳನ್ನು ಇನ್ನೊಂದು ಬದಿಗೆ ತಿರುಗಿಸಬಹುದಿತ್ತು. ಅದಕ್ಕೂ ಬೋರ್ಡಿನಿಂದ ಮುಂಭಾಗಕ್ಕೆ ಇನ್ನೊಂದು ತಂತಿ ಎಳೆಯಬೇಕು. ಎಂದರೆ ಅದೇ ಹಜಾರ, ಅದೇ ಹೊಸ ಬಣ್ಣ.

ನಾಗುವಿನ ಕೋಣೆ ಶಿರವಾಡದಲ್ಲಿ, ಒಂದು ಉಪ್ಪಿನ ಗೋದಾಮಿನ ಹಿಂದೆ. ಗೋಡೆ ಸದಾ ಒದ್ದೆ. ಎರಡು ವರ್ಷದಿಂದ ಅಲ್ಲಿದ್ದ. ಅಕ್ಕಪಕ್ಕದವರು ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದರು. ಅವನಿಗೆ ಅರ್ಥವಾಗುತ್ತಿತ್ತು, ಆದರೆ ಅವನೊಡನೆ ಮಾತಾಡಬೇಕಾದಾಗ ಅವರು ಕನ್ನಡಕ್ಕೆ ಬದಲಿಸುತ್ತಿದ್ದರು. ಆ ಬದಲಾವಣೆಯ ಒಂದು ಗಳಿಗೆ ಅವನಿಗೆ ಅಭ್ಯಾಸವಾಗಿರಲಿಲ್ಲ. ಆ ರಾತ್ರಿ ಅನ್ನ ಬೇಯಿಸಿ, ಪುಸ್ತಕ ತೆಗೆದು ಅದೇ ಪುಟವನ್ನು ಮತ್ತೆ ಓದಿದ. ಓದಿದ್ದನ್ನು ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಎಂದು ಯೋಚಿಸಿದ. ಮಂಗೇಶನಿಗೆ ಹೇಳಿದರೆ ಅದು ಮಾವನಿಗೆ ಹೋಗುತ್ತದೆ. ಉಳಿದವರ ಹೆಸರು ಹುಡುಕಿದ, ಸಿಗಲಿಲ್ಲ. ಪುಸ್ತಕ ಮುಚ್ಚಿದ.

ಭಾನುವಾರ ಊರಿಗೆ ಹೋದ. ಅಂಕೋಲೆಯವರೆಗೆ ಸರ್ವಿಸ್ ಮೋಟಾರು, ಅಲ್ಲಿಂದ ಹುಬ್ಬಳ್ಳಿ ರಸ್ತೆಯ ಇನ್ನೊಂದು ಮೋಟಾರು, ಆಮೇಲೆ ಕಾಡಿನ ಹಾದಿ. ಅಣ್ಣ ಜಟ್ಟಿ ಗದ್ದೆಯ ಅಂಚಿನಲ್ಲಿ ಕೂತು ನೊಗದ ಹಗ್ಗ ಹೊಸೆಯುತ್ತಿದ್ದ.

"ಬಂದ್ಯೇನೋ ಕರೆಂಟು?" ಎಂದ. ಊರಲ್ಲಿ ನಾಗುವಿಗೆ ಅದೇ ಹೆಸರು. "ಮೋರೆ ಯಂತಕ್ಕೆ ಹಂಗದೆ? ಫ್ಯೂಸ್ ಹೋಗದ್ಯಾ?"

ನಾಗು ಪಕ್ಕದಲ್ಲಿ ಕೂತ. ಹೇಳಲು ಬೇರೆ ದಾರಿ ಕಾಣದೆ ನೊಗವನ್ನೇ ತೋರಿಸಿದ. "ಇಲ್ನೋಡು ಅಣ್ಣಾ. ಎರಡೆತ್ತೂ ಸಮ ಎಳೆದ್ರೆ ನಡುವಿನ ಹಗ್ಗದ ಕಟ್ಟಿನ ಮೇಲೆ ಭಾರ ಇಲ್ಲ. ಅದು ನೆಟ್ಟಗೆ ನಿಲ್ತದೆ ಅಷ್ಟೇ. ಹೌದಾ?"

"ಹೌದು."

"ಒಂದೆತ್ತು ಮಲಗಿತು ಅಂತ ಇಟ್ಕೋ. ಇನ್ನೊಂದು ಎಳೀತಾ ಅದೆ. ಎಳೆದದ್ದೆಲ್ಲ ಆ ನಡುವಿನ ಕಟ್ಟಿಗೇ ಬೀಳ್ತದೆ. ನಾ ಅಲ್ಲಿ ಸಣ್ಣ ಹಗ್ಗ ಕಟ್ಟಿದ್ದೇನೆ."

ಜಟ್ಟಿ ಹೊಸೆಯುವುದನ್ನು ನಿಲ್ಲಿಸಿ ಯೋಚಿಸಿದ. "ಒಂದು ಮಲಗಿದ್ರೆ ಹೂಡೂದೇ ಇಲ್ಲ. ಬಿಚ್ಚಿಬಿಡೂದು."

"ಅಲ್ಲಿ ಬಿಚ್ಚೂಕೆ ಬಿಡೂದಿಲ್ಲ."

"ಯಾರ ಎತ್ತು ಅದು?"

"ನಂದಲ್ಲ."

"ಹಂಗಾದ್ರೆ ನೀ ಯಂತಕ್ಕೆ ಒದ್ದಾಡ್ತೆ?" ಜಟ್ಟಿ ಮತ್ತೆ ಹಗ್ಗ ತೆಗೆದುಕೊಂಡ.

ತಾಯಿ ಹೊನ್ನಿ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದಳು. ಗಂಜಿ ಬಡಿಸುವಾಗ ಒಂದೇ ಪ್ರಶ್ನೆ ಕೇಳಿದಳು. "ಮಗಾ, ಆ ಮನೆಯೋರು ನಿಂಗೆ ಒಳಗೆ ಹೋಗೂಕೆ ಬಿಡೂದಿಲ್ವಾ?"

"ಇಲ್ಲ ಅವ್ವಿ."

"ಮತ್ತೆ ಒಳಗೆ ಆಗೂದಕ್ಕೆ ನೀ ಹೆಂಗೆ ಜವಾಬ್ದಾರಿ?"

ನಾಗುವಿಗೆ ಉತ್ತರ ಇತ್ತು. ತಂತಿಗೆ ಒಳಗೆ ಹೊರಗೆ ಇಲ್ಲ. ಸಹಿ ಹಾಕಿದವನು ತಾನು. ಆದರೆ ಸಹಿ ಎಂದರೇನು ಎಂದು ಅವಳಿಗೆ ವಿವರಿಸಬೇಕಾಗುತ್ತಿತ್ತು. ಗಂಜಿ ಕುಡಿದು ಎದ್ದ. ಇಲ್ಲಿಯೂ ಮಾತು ಅರ್ಧಕ್ಕೇ ನಿಂತಿತು.

ಮರುದಿನ ಸಂಜೆ ದೀಪ ಹತ್ತಿದ ಮೇಲೆ ಶೇಟರಿಗೆ ತಿಳಿಸದೆ ನೇರವಾಗಿ ರಾಯರ ಬಳಿಗೆ ಹೋದ. ಹರಿಶ್ಚಂದ್ರರಾಯರು ಮರದ ವ್ಯಾಪಾರಿ, ದಪ್ಪ ಮೀಸೆಯ ಮನುಷ್ಯ. ತಾವೇ ಸ್ಟೂಲು ಹತ್ತಿ ಪಟ್ಟಿ ಮುಟ್ಟಿ ನೋಡಿದರು.

"ಬಿಸಿ ಅದೆ. ಇದು ಮೇ ತಿಂಗಳಪ್ಪಾ. ನನ್ನ ಬೆನ್ನು ಮುಟ್ಟಿ ನೋಡು, ಅದೂ ಬಿಸಿಯೇ."

"ಬದಿಯ ಎರಡು ಪಟ್ಟಿ ಮುಟ್ಟಿ ರಾಯರೆ."

ರಾಯರು ಮುಟ್ಟಿದರು. ಸ್ಟೂಲಿನಿಂದ ಇಳಿದರು. "ನಿಶ್ಚಯ ಮುಗೀಲಿ. ಆಮೇಲೆ ನೋಡೂಣ. ಈಗ ಒಂದು ಮೊಳೆ ಕೀಳೂಕೂ ಬಿಡೂದಿಲ್ಲ."

"ಆ ದಿನ ಜಗಲಿಗೆ ಇನ್ನೂ ದೀಪ ಹಾಕ್ತೀರಿ. ಇಪ್ಪತ್ತು ಆಂಪಿಯರ್ ಆಗ್ತದೆ. ತಡೀಲಿಕ್ಕಿಲ್ಲ."

"ಹಾಗಾದ್ರೆ ಉಪಾಯ ಹೇಳು."

ಉಪಾಯ ಒಂದೇ ಇತ್ತು. ಹೊರಗೆ ದೀಪ ಉರಿಯುವಷ್ಟು ಹೊತ್ತು ಒಳಗಿನ ಮೂವತ್ತೆರಡೂ ಉರಿಯಬೇಕು. ಆಗ ನಡುತಂತಿಗೆ ಒಂಬತ್ತು ಮಾತ್ರ ಬರುತ್ತದೆ. ರಾಯರು ಇದನ್ನು ಕೇಳಿ ಗಟ್ಟಿಯಾಗಿ ನಕ್ಕು, ಒಳಗೆ ಕೂಗಿದರು. ಅವರ ಸೋದರತ್ತೆ ಗಂಗೂಬಾಯಿ ನಡುಬಾಗಿಲ ಆಚೆ ಬಂದು ನಿಂತರು. ಎಪ್ಪತ್ತರ ವಿಧವೆ. ನಾಗುವಿನ ಕಡೆ ನೋಡಲಿಲ್ಲ, ರಾಯರನ್ನೇ ನೋಡುತ್ತ ಮಾತಾಡಿದರು.

"ನಿನ್ನ ಹಜಾರದ ದೀಪ ಸುಡಬಾರದು ಹೇಳಿ ನನ್ನ ಅಡಿಗೆಮನೆಗೆ ದೀಪ ಹಚ್ಚೂದಾ? ಇದೆಂತ ನ್ಯಾಯವೋ? ನಿನ್ನ ಹೊಟ್ಟೆ ನೋವಿಗೆ ನಾನು ಕಷಾಯ ಕುಡೀಬೇಕಾ?"

"ಒಂದು ಸಂಜೆ, ಆತ್ಯಾ."

"ನಾಕಾ ರೇ ಬಾಬಾ, ಬೇಡವೇ ಬೇಡ. ಎಣ್ಣೆದೀಪದಲ್ಲಿ ನಿನ್ನಪ್ಪನ ಮದುವೆಯ ಅಡಿಗೆ ಮಾಡಿದವಳು ನಾನು. ಯಾರಿಗೂ ಉಪ್ಪು ಹೆಚ್ಚಾಗ್ಲಿಲ್ಲ."

ಕೊನೆಗೆ ವೈಜಯಂತಿ ಹಿಂದಿನಿಂದ ಮೆಲ್ಲಗೆ ಹೇಳಿದಳು. ಅಡಿಗೆಮನೆ, ದೇವರಕೋಣೆ ಬಿಟ್ಟು ಉಳಿದ ಕಡೆಗಳಲ್ಲಿ ಹಚ್ಚಬಹುದು. ತಾನು ನೋಡಿಕೊಳ್ಳುತ್ತೇನೆ. ಅಲ್ಲಿ ಇಪ್ಪತ್ತು ದೀಪಗಳಿದ್ದವು, ಆದರೆ ದೊಡ್ಡವು. ನಾಗು ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಡುತಂತಿಗೆ ಹನ್ನೆರಡು ಆಗುತ್ತದೆ. ಎರಡು ತಾಸಿನ ಮಟ್ಟಿಗೆ ನಡೆದೀತು.

"ನೀನು ಆ ದಿನ ಬೋರ್ಡಿನ ಹತ್ರ ಕೂತಿರು," ಎಂದರು ರಾಯರು. "ಅಷ್ಟು ಹೆದರಿಕೆ ಇದ್ರೆ."

ನಿಶ್ಚಯದ ಸಂಜೆ ಗಂಡಿನ ಕಡೆಯವರು ಗೋವೆಯಿಂದ ಬಂದರು. ಜಗಲಿಯ ತುಂಬ ಬಣ್ಣದ ದೀಪಗಳು. ನಾಗು ನಡುಬಾಗಿಲ ಪಕ್ಕ, ಬೋರ್ಡಿನ ಕೆಳಗೆ ಒಂದು ಮಣೆಯ ಮೇಲೆ ಕೂತ. ಒಂದು ಕಡೆ ಹಜಾರದ ಜನ, ಇನ್ನೊಂದು ಕಡೆ ಒಳಮನೆಯ ಹೆಂಗಸರು. ಎರಡೂ ಕಡೆಯವರು ಅವನನ್ನು ದಾಟಿಕೊಂಡು ಓಡಾಡುತ್ತಿದ್ದರು. ಒಬ್ಬರು ಅವನ ಮಣೆಯ ಪಕ್ಕ ತಾಂಬೂಲದ ತಟ್ಟೆ ಇಟ್ಟು, ಮತ್ತೆ ನೆನಪಾಗಿ ಎತ್ತಿಕೊಂಡು ಹೋದರು. ಅವನು ಆಗಾಗ ಎದ್ದು ನಡುವಿನ ಪಟ್ಟಿ ಮುಟ್ಟಿ ನೋಡುತ್ತಿದ್ದ. ಬಿಸಿಯಿತ್ತು, ಆದರೆ ಕೈಯಿಡಬಹುದಿತ್ತು.

ಏಳೂವರೆಗೆ ಒಳಗೆ ಗಂಟೆ ಬಾರಿಸಿತು. ದೇವರಿಗೆ ಆರತಿ. ಒಳಮನೆಯ ಬೆಳಕು ಒಂದೊಂದಾಗಿ ಹೋಯಿತು.

"ಬಾಯೋರೆ!" ನಾಗು ಕೂಗಿದ.

ವೈಜಯಂತಿ ಓಡಿಬಂದಳು. "ಆತ್ಯಾ ಆರಿಸಿದ್ರು. ದೇವರಕೋಣೆಗೆ ಆ ಬೆಳಕು ಬೀಳ್ತದೆ ಅಂತ. ಆರತಿ ಆದ ಮೇಲೆ ಹಚ್ತೇನೆ."

"ಎಷ್ಟು ಹೊತ್ತು?"

"ಅರ್ಧ ತಾಸು. ಇಂದು ಮಂತ್ರಪುಷ್ಪ ಎಲ್ಲ ಅದೆ."

ನಾಗು ಪಟ್ಟಿಯ ಮೇಲೆ ಕೈಯಿಟ್ಟು ತಕ್ಷಣ ತೆಗೆದ. ಕಾಲು ತಾಸು ಕಾದ. ರಬ್ಬರಿನ ವಾಸನೆ ಬಂತು. ಹೂವು, ಅತ್ತರು, ತುಪ್ಪದ ವಾಸನೆಗಳ ನಡುವೆ ಅದು ಅವನೊಬ್ಬನಿಗೇ ಗೊತ್ತಾಗುವ ವಾಸನೆ. ಜನರ ನಡುವೆ ದಾರಿ ಮಾಡಿಕೊಂಡು ರಾಯರ ಬಳಿ ಹೋಗಿ ಕಿವಿಯಲ್ಲಿ ಹೇಳಿದ. "ಜಗಲಿಯ ದೀಪ ಆರಿಸ್ತೇನೆ ರಾಯರೆ."

"ಈಗಾ? ಉಂಗುರ ತೊಡಿಸ್ತಾ ಇದ್ದಾರೆ. ಮುಟ್ಟಬೇಡ."

ಅವನು ಬೋರ್ಡಿಗೆ ಮರಳಿದ. ಪಟ್ಟಿಯ ಜೋಡಣೆಯಿಂದ ತೆಳುವಾದ ಹೊಗೆ ಏಳುತ್ತಿತ್ತೋ, ತನಗೆ ಹಾಗೆ ಕಾಣುತ್ತಿತ್ತೋ, ಅವನಿಗೆ ಖಚಿತವಾಗಲಿಲ್ಲ. ಖಚಿತವಾಗುವವರೆಗೆ ಕಾಯುವ ಧೈರ್ಯ ಅವನಿಗಿರಲಿಲ್ಲ. ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದ.

ಹಜಾರ, ಜಗಲಿ ಎಲ್ಲ ಕತ್ತಲಾಯಿತು. ಉಂಗುರ ಎಲ್ಲೋ ಬಿದ್ದು ಉರುಳಿದ ಸದ್ದು ಕೇಳಿತು. ಯಾರೋ ಕಿರುಚಿದರು. ಗಂಡಿನ ಕಡೆಯ ಮುದುಕರೊಬ್ಬರು ಕತ್ತಲಲ್ಲೇ ಹೇಳಿದರು. "ಕರೆಂಟಿನ ಮನೆ ಹೇಳಿ ಕರ್ಕೊಂಡು ಬಂದ್ರಿ. ಸೊಸೆಯ ಮೋರೆ ನೋಡೂಕೆ ಕಡ್ಡಿಪೆಟ್ಟಿಗೆ ತರಬೇಕಿತ್ತಾ?" ಎಲ್ಲರೂ ನಕ್ಕರು. ರಾಯರು ನಗಲಿಲ್ಲ.

ದೇವರಕೋಣೆಯಿಂದ ಎಣ್ಣೆದೀಪಗಳು ಬಂದವು. ಗಂಗೂಬಾಯಿ ಒಂದನ್ನು ತಾವೇ ಹಿಡಿದು ತಂದು ಮೊದಲ ಸಲ ನಾಗುವಿನ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಶೇಟರು ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಎಂತ ಸುಟ್ಟಿತು? ತೋರಿಸು."

"ಸುಡೂದರೊಳಗೆ ಆರಿಸಿದೆ."

"ಅಂದ್ರೆ ಎಂತದೂ ಸುಟ್ಟಿಲ್ಲ."

"ಪಟ್ಟಿ ಬಿಚ್ಚಿ ನೋಡಿ ಶೇಟ್ರೆ. ರಬ್ಬರು ಕರಗಿರ್ತದೆ."

"ರಾಯರು ಬಿಚ್ಚೂಕೆ ಕೊಡೂದಿಲ್ಲ. ನಿಶ್ಚಯ ಮುಗೀತು, ಎಂತದೂ ಆಗ್ಲಿಲ್ಲ, ಇನ್ನು ಯಾಕೆ ಅಂತಾರೆ. ನಿನ್ನನ್ನು ಮಾತ್ರ ಇನ್ನು ಆ ಗೇಟಿನ ಒಳಗೆ ಕಾಣಬಾರದಂತೆ." ಶೇಟರ ದನಿ ಸ್ವಲ್ಪ ಮೆತ್ತಗಾಯಿತು. "ಒಂದೆರಡು ತಿಂಗಳು ಊರಿಗೆ ಹೋಗು. ಎಲ್ಲ ತಣ್ಣಗಾದ ಮೇಲೆ ಬಾ."

ಅದು ತಣ್ಣಗಾಗುವುದಿಲ್ಲ ಎಂದು ನಾಗುವಿಗೆ ಗೊತ್ತಿತ್ತು. ಪ್ರತಿ ಸಂಜೆ ಏಳಕ್ಕೆ ಮುಂಭಾಗದ ದೀಪಗಳು ಹತ್ತುತ್ತವೆ. ಪ್ರತಿ ಸಂಜೆ ಆ ಮೂರೆಳೆ ಇನ್ನಷ್ಟು ಬೇಯುತ್ತದೆ. ಬೆಂಕಿ ಬಿದ್ದಿದ್ದರೆ ಅವನ ಮಾತು ನಿಜವಾಗುತ್ತಿತ್ತು. ಬೀಳದಂತೆ ಮಾಡಿದ್ದರಿಂದ ಅವನು ಸುಳ್ಳುಗಾರನಾಗಿದ್ದ.

ಆ ಪಟ್ಟಿಯನ್ನು ರಾಯರ ಇಷ್ಟಕ್ಕೆ ವಿರುದ್ಧವಾಗಿ ಬಿಚ್ಚಿಸುವವರು ಒಬ್ಬರೇ, ಸರಕಾರದ ವಿದ್ಯುತ್ ಇನ್ಸ್‌ಪೆಕ್ಟರು. ಅವರಿಗೆ ಬರೆಯಬೇಕಾದರೆ ಕಾರಣ ಕೊಡಬೇಕು. ಕಾರಣ ಕೊಟ್ಟರೆ ತಪಾಸಣಾ ಫಾರ್ಮು ತೆಗೆಸುತ್ತಾರೆ. ಎಲ್ಲ ಸರಿಯಿದೆ ಎಂದು ಅದರ ಕೆಳಗೆ ಬರೆದ ಸಹಿ ಯಾರದೆಂದು ನೋಡುತ್ತಾರೆ.

ಎರಡು ದಿನ ಕೋಣೆಯಲ್ಲೇ ಇದ್ದ. ಯಾರೂ ಬರಲಿಲ್ಲ. ಯಾರಾದರೂ ಬಂದು ಬರೆಯಬೇಡ ಎಂದಿದ್ದರೆ ಬಹುಶಃ ಬರೆಯುತ್ತಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ಕಾಗದ ತೆಗೆದುಕೊಂಡ. ಮೊದಲು ಶೇಟರ ಹೆಸರು ಬರೆದ, ಹೊಡೆದುಹಾಕಿದ. ಗಂಗೂಬಾಯಿಯ ಮಡಿಯ ಬಗ್ಗೆ ಒಂದು ಸಾಲು ಬರೆದ, ಅದನ್ನೂ ಹೊಡೆದುಹಾಕಿದ. ಇನ್ಸ್‌ಪೆಕ್ಟರಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಕೊನೆಗೆ ಉಳಿದದ್ದು ಇಷ್ಟು: ಈ ಮನೆಯ ಎರಡು ಬದಿಗಳು ಒಟ್ಟಿಗೆ ಉರಿಯುವುದಿಲ್ಲ. ಒಂದು ಬದಿಯ ಪೂರ್ತಿ ಭಾರವನ್ನು ನಡುತಂತಿ ಹೊರುತ್ತದೆ. ತಂತಿ ಸಾಲದು. ಅಳತೆ ಗೊತ್ತುಮಾಡಿದವನು ನಾನು.

ಸಹಿ ಹಾಕಿ ಅಂಚೆಗೆ ಹಾಕಿದ.

ಹದಿನೆಂಟು ದಿನಗಳ ನಂತರ ಇನ್ಸ್‌ಪೆಕ್ಟರು ಧಾರವಾಡದಿಂದ ಬಂದರು. ನಾಗುವಿಗೂ ಕರೆ ಬಂತು. ಹಾಗಾಗಿ ರಾಯರು ಅವನನ್ನು ಗೇಟಿನೊಳಗೆ ಬಿಡಲೇಬೇಕಾಯಿತು. ಮಂಗೇಶ ಏಣಿ ಹತ್ತಿ ಪಟ್ಟಿಯ ಮುಚ್ಚಳ ಎಬ್ಬಿಸಿದ. ಹೊಸ ಬಣ್ಣ ಚಕ್ಕೆಯಾಗಿ ಉದುರಿತು. ಒಳಗಿನ ರಬ್ಬರು ಕಪ್ಪಗೆ ಸುಲಿದು ಮರಕ್ಕೆ ಅಂಟಿತ್ತು. ಗಜಗಟ್ಟಲೆ ತಾಮ್ರ ಬೆತ್ತಲೆಯಾಗಿ ಕಾಣುತ್ತಿತ್ತು. ಮರದ ತೋಡು ಇದ್ದಲಿನ ಬಣ್ಣಕ್ಕೆ ತಿರುಗಿತ್ತು. ರಾಯರು ಅದನ್ನು ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು. ಶೇಟರು ಗೋಡೆ ನೋಡುತ್ತ ನಿಂತರು.

"ಇದನ್ನು ಹಾಕಿದವರು ಯಾರು?" ಇನ್ಸ್‌ಪೆಕ್ಟರು ಕೇಳಿದರು. ಗೊತ್ತಿದ್ದೇ ಕೇಳಿದರು.

"ನಾನು," ಎಂದ ನಾಗು.

ಪರವಾನಗಿಗೆ ಅವರು ಕೈ ಚಾಚಿದರು. ಅವನು ಅದನ್ನು ಅಂಗಿಯ ಒಳಜೇಬಿನಿಂದ ತೆಗೆದುಕೊಟ್ಟ. ವಿಚಾರಣೆ ನಡೆಯುತ್ತದೆ, ಒಂದು ವರ್ಷವಾದರೂ ವಾಪಸು ಬರಲಿಕ್ಕಿಲ್ಲ ಎಂದರು. ಮತ್ತೆ, ನೀನೇ ಬರೆದದ್ದನ್ನು ನಾನು ವರದಿಯಲ್ಲಿ ಸೇರಿಸುತ್ತೇನೆ, ಅದರಿಂದ ಬಹಳ ಪ್ರಯೋಜನವಾಗುತ್ತದೆಂದು ಭಾವಿಸಬೇಡ ಎಂದರು. ನಾಗು ಭಾವಿಸಿರಲಿಲ್ಲ.

ಹೊಸ ತಂತಿಯ ಸುರುಳಿ ಅದೇ ಮಧ್ಯಾಹ್ನ ಬಂತು. ಮಂಗೇಶ ಏಣಿಯ ಮೇಲಿಂದ ಕೆಳಗೆ ನೋಡಿದ. ಮಾವನನ್ನು ಕೇಳಬೇಕಿತ್ತು, ಕೇಳಲಿಲ್ಲ.

"ನಾಗೂ, ನಡುವಿಂದು ಎಷ್ಟು ಎಳೆಯದು?"

"ಏಳು."

"ಅದೂ ಏಳೇ?"

"ಮೂರೂ ಒಂದೇ."

ಅವರು ತಂತಿ ಎಳೆಯುವುದನ್ನು ನಾಗು ಅಂಗಳದಲ್ಲಿ ನಿಂತು ನೋಡಿದ. ಅವನಿಗೆ ಮುಟ್ಟುವ ಹಕ್ಕಿರಲಿಲ್ಲ. ಒಂದು ಜೋಡಣೆಯನ್ನು ಮಂಗೇಶ ಸಡಿಲ ಬಿಟ್ಟ. ನಾಗು ಹೇಳಿದ, ಅವನು ಬಿಗಿಮಾಡಿದ. ಸಂಜೆ ದೀಪ ಹಚ್ಚಿ ಪರೀಕ್ಷಿಸಿದರು. ಮುಂಭಾಗವೆಲ್ಲ ಬೆಳಕಾಯಿತು. ನಡುಬಾಗಿಲ ಆಚೆ ಎಂದಿನಂತೆ ಕತ್ತಲೆ, ವೈಜಯಂತಿಯ ಕೋಣೆಯ ಬಾಗಿಲ ಸಂದಿಯಲ್ಲಿ ಮಾತ್ರ ಒಂದು ಗೆರೆ.

ಮಂಗೇಶ ಪಟ್ಟಿ ಮುಟ್ಟಿ, "ತಣ್ಣಗದೆ," ಎಂದ.

ಯಾರೂ ನಾಗುವನ್ನು ಹೋಗು ಎನ್ನಲಿಲ್ಲ, ನಿಲ್ಲು ಎಂದೂ ಅನ್ನಲಿಲ್ಲ. ಅವನು ಗೇಟು ಹಾಕಿಕೊಂಡು ಹೊರಬಂದ. ಅಂಕೋಲೆಯ ಕೊನೆಯ ಮೋಟಾರು ಆಗಲೇ ಹೋಗಿತ್ತು. ಶಿರವಾಡದ ದಾರಿ ಹಿಡಿದ. ಹಸಿವಾಗುತ್ತಿತ್ತು.